ಚರ್ಚಾ ಸಂಘದ ಗಂಟೆ ದಡ್ಡಿಗೆ ಹೋಯಿತು

ಗೆಳೆಯರೇ, ಇಂದು ಮಧ್ಯಾಹ್ನ ಹುಕ್ಕೇರಿಯ ನಮ್ಮ ಹೈಸ್ಕೂಲಿಗೆ ಒಂಬತ್ತನೆಯ ತರಗತಿಯ ಸವಿತಾಳ ಅಪ್ಪ ತಮ್ಮೂರಾದ ದಡ್ಡಿ ಗ್ರಾಮದಿಂದ ಸಿಟ್ಟು ಮಾಡಿಕೊಂಡೇ ಬಂದರು.

"ಟೀಚರ್ರ, ನಿಮ್ಮ ಚರ್ಚಾ ಸಂಘದಿಂದ ನನ್ನ ಮಗಳ ಹೆಸರ ತಗೀರಿ. ಮನ್ಯಾಗ ಬರೇ ಎದುರು ಮಾತಾಡಾಕತ್ತಾಳ. ಸಂಜೀಕ ಅಭ್ಯಾಸದಾಗ ಬಸ್ ತಪ್ಪಿದ್ರ ಆಕಿ ದಡ್ಡಿಗೆ ಹೆಂಗ ಬರಬೇಕ್ರಿ?"

ನಾನು ಉತ್ತರಿಸಲು ಬಾಯಿ ತೆರೆದೆ. ಪಕ್ಕದಲ್ಲೇ ನಿಂತಿದ್ದ ಸವಿತಾ ಮೇಜಿನ ಮೇಲಿದ್ದ ಸಂಘದ ಗಂಟೆಯನ್ನು ತೋರಿಸಿ ತಡೆದಳು. "ಟೀಚರ್ರ, ಗಂಟಿ ಆಗಿಲ್ರಿ. ಅಪ್ಪಂದು ಇನ್ನೂ ಮುಗಿದಿಲ್ಲ."

ನಾನೇ ಮಾಡಿದ ನಿಯಮ ಅದು. ಗಂಟೆ ಬಾರಿಸುವವರೆಗೆ ಯಾರೂ ನಡುವೆ ಬಾಯಿ ಹಾಕುವಂತಿಲ್ಲ. ಉತ್ತರ ಕೊಡುವ ಮೊದಲು ಎದುರಿನವರ ಮಾತನ್ನು ಅವರು ಒಪ್ಪುವಂತೆ ತಿರುಗಿ ಹೇಳಬೇಕು.

ಅಪ್ಪ ಸಮಾಧಾನವಾಗುವವರೆಗೆ ಬೈದರು. ಸವಿತಾ ಗಂಟೆ ಬಾರಿಸಿದಳು. "ಅಪ್ಪಾಗ ನನ್ನ ಮಾತಿನ ಮ್ಯಾಲೆ ಸಿಟ್ಟಿಲ್ರಿ. ಕತ್ತಲಾದ ಮ್ಯಾಲೆ ನಾ ಒಬ್ಬಾಕಿನ ಬಸ್‌ಸ್ಟ್ಯಾಂಡಿನ್ಯಾಗ ನಿಂದರ್ತೀನಿ ಅಂತ ಹೆದರಿಕಿ. ಹೌದಲ್ಲ ಅಪ್ಪಾ?"

ಅವರು ಮಗಳ ಕಡೆ ತಿರುಗಿದರು. "ಖರೆ. ಅದನ್ನ ನಾ ಹೇಳಾಕ ಬಂದಿದ್ದೆ."

"ಹಂಗಾರ ಊಟದ ಬಿಡುವಿನ್ಯಾಗ ಅಭ್ಯಾಸ ಇಡೋಣ್ರಿ ಟೀಚರ್ರ."

ಹೆಮ್ಮೆಯಿಂದ ತಲೆಯಾಡಿಸಿ ಒಪ್ಪಿದೆ.

ಬಾಗಿಲವರೆಗೆ ಹೋದ ಅಪ್ಪ ತಿರುಗಿ ನಿಂತರು. "ರವಿವಾರ ಊರಾಗ ನಳದ ನೀರಿನ ಮೀಟಿಂಗ್ ಐತ್ರಿ. ಎಲ್ಲಾರೂ ಒಮ್ಮೆಲೇ ಒದರತಾರ. ಈಕಿನ್ನ ಕರಕೊಂಡ ಹೋಗ್ತೀನಿ."

"ಅಲ್ಲಿ ಗಂಟಿ ಯಾರ ಬಾರಸ್ತಾರ ಅಪ್ಪಾ?" ಎಂದಳು ಸವಿತಾ.

ಸಂಘದ ಗಂಟೆಯನ್ನು ಅವಳ ಚೀಲಕ್ಕೆ ಹಾಕಿ ಕಳಿಸಿದ್ದೇನೆ. ಊರ ಹಿರಿಯರ ಪಾಡು ಏನಾಗುತ್ತದೋ, ಸೋಮವಾರ ತಿಳಿಯುತ್ತದೆ. ಗಂಟೆ ವಾಪಸ್ ಬರುತ್ತದೋ ಇಲ್ಲವೋ ಎಂದು ಮಾತ್ರ ನನಗೆ ಸ್ವಲ್ಪ ಚಿಂತೆ.