ಕೆರೆಯೋ, ಗುಡ್ಡವೋ

ಹೆಂಡತಿ ತೀರಿಕೊಂಡ ವರ್ಷ ನಾನು ಮನೆಯಲ್ಲಿ ಇದ್ದದ್ದಕ್ಕಿಂತ ಕಾರಿನಲ್ಲಿ ಇದ್ದದ್ದೇ ಹೆಚ್ಚು. ಟೆಕ್ಸಸ್‌ನಲ್ಲಿ, ಲೂಯಿಸ್‌ವಿಲ್‌ನ ನಮ್ಮ ಅಪಾರ್ಟ್‌ಮೆಂಟಿನಲ್ಲಿ ಬೆಳಿಗ್ಗೆ ಎದ್ದು ಚಹಾ ಕಾಸುತ್ತಿದ್ದೆ. ಅರ್ಧ ಕುಡಿಯುವಷ್ಟರಲ್ಲಿ ಚಾವಿ ಕೈಗೆ ಬರುತ್ತಿತ್ತು. ಎಲ್ಲಿಗೆ ಎಂದು ಯಾರಾದರೂ ಕೇಳಿದರೆ ಮನೆ ನೋಡಲಿಕ್ಕೆ ಎನ್ನುತ್ತಿದ್ದೆ. ಅದು ನಿಜವೇ ಆಗಿತ್ತು. ಕೆಲಸ ಬಿಟ್ಟ ಮೇಲೆ ಊರುಗಳಿಂದ ದೂರ, ಬೇಟೆ ಅಥವಾ ಮೀನು ಸಿಗುವ ಕಡೆ ಹೋಗಿ ಇರಬೇಕೆಂದು ನಾವಿಬ್ಬರೂ ಬಹಳ ವರ್ಷಗಳಿಂದ ಮಾತಾಡಿಕೊಂಡಿದ್ದೆವು. ನಾನು ಕೆಲಸ ಬಿಟ್ಟೆ. ಮಾರ್ಚಿನಲ್ಲಿ ಅವಳು ಹೋದಳು. ಜಾಗ ಮಾತ್ರ ಇನ್ನೂ ಗೊತ್ತಾಗಿರಲಿಲ್ಲ. ಅಪಾರ್ಟ್‌ಮೆಂಟಿನ ಕರಾರು ಅಕ್ಟೋಬರ್ ಕೊನೆಗೆ ಮುಗಿಯುತ್ತಿತ್ತು. ಅಷ್ಟರಲ್ಲಿ ಒಂದು ಜಾಗ ಆರಿಸದಿದ್ದರೆ ಆಸ್ಟಿನ್‌ನಲ್ಲಿ ಮಗಳ ಮನೆಯ ಹಿಂದಿನ ಕೋಣೆ ನನಗಾಗಿ ಕಾದಿತ್ತು. ಒಳ್ಳೆಯ ಕೋಣೆ. ಅಲ್ಲಿಗೆ ಹೋದರೆ ನಾನು ಮತ್ತೆ ಹೊರಗೆ ಬರುವುದಿಲ್ಲ ಎಂದು ನನಗೆ ಗೊತ್ತಿತ್ತು.

ನನ್ನದು ಖಾನಾಪುರದ ಕಡೆಯ ಮನೆತನ. ಅಜ್ಜನ ಹತ್ತಿರ ಗದ್ದೆಗೆ ಬರುವ ಕಾಡುಹಂದಿ ಓಡಿಸಲು ಒಂದು ಬಂದೂಕು ಇತ್ತು. ಅದನ್ನು ಒರೆಸುವ ಕೆಲಸ ನನ್ನದು. ಅವಳು ಘಟಪ್ರಭಾ ದಂಡೆಯವಳು. ಅವಳ ಅಪ್ಪ ರಜೆಯ ದಿನ ಗಾಳ ಹಿಡಿದು ಹೊಳೆಗೆ ಹೋಗುವಾಗ ಮಗಳನ್ನೂ ಕರೆದೊಯ್ಯುತ್ತಿದ್ದರಂತೆ. ಇಲ್ಲಿಗೆ ಬಂದ ಮೇಲೆ ನಾನು ಫಾರ್ಮರ್ಸ್ ಬ್ರಾಂಚ್ ಎಂಬ ಊರಿನ ಆಫೀಸು ಕಟ್ಟಡಗಳಲ್ಲಿ ಏಸಿ ನೋಡಿಕೊಳ್ಳುವ ಕೆಲಸ ಮಾಡಿದೆ, ಅವಳು ಪ್ಲೇನೋದಲ್ಲಿ ಸಣ್ಣ ಮಕ್ಕಳನ್ನು ನೋಡಿಕೊಳ್ಳುವ ಕಡೆ ಇದ್ದಳು. ಕೆಲಸ ಮುಗಿಸಿ ಬಂದು, ಮಡಚುವ ಕುರ್ಚಿ ಹಿಡಿದು ಲೂಯಿಸ್‌ವಿಲ್ ಕೆರೆಗೆ ಹೋಗಿಬಿಡುತ್ತಿದ್ದಳು. ಜೋಳದ ಹಿಟ್ಟಿಗೆ ಇಂಗು ಹಾಕಿ ಗಟ್ಟಿಯಾಗಿ ನಾದಿದ ಉಂಡೆಯನ್ನು ಗಾಳಕ್ಕೆ ಸಿಕ್ಕಿಸುತ್ತಿದ್ದಳು. ಪಕ್ಕದಲ್ಲಿ ಕೂತವರು ಮೊದಲು ಮೂಗು ಮುಚ್ಚಿಕೊಂಡು ಸರಿದು ಕೂರುತ್ತಿದ್ದರು. ಅವಳ ಬುಟ್ಟಿಗೆ ಕ್ಯಾಟ್‌ಫಿಶ್ ಬೀಳುವುದನ್ನು ನೋಡಿ, ಆ ಹಿಟ್ಟು ಎಲ್ಲಿ ಸಿಗುತ್ತದೆ ಎಂದು ಕೇಳಲು ಹತ್ತಿರ ಬರುತ್ತಿದ್ದರು.

ನಮ್ಮ ತೊಂದರೆ ಬೇರೆಯೇ ಇತ್ತು. ಅವಳ ಮನೆಯಲ್ಲಿ ಸೋಮವಾರ ಈಶ್ವರನ ವಾರ, ಶನಿವಾರ ಮಾರುತಿಯ ವಾರ. ಎರಡೂ ದಿನ ಮಾಂಸ, ಮೀನು ಇಲ್ಲ. ಅದಕ್ಕೆ ಅವಳು ತನ್ನದೊಂದು ಮಾತನ್ನು ಸೇರಿಸಿದ್ದಳು. ತಿನ್ನದ ದಿನ ಕೊಲ್ಲಬಾರದು. ಫ್ರಿಜ್‌ನಲ್ಲಿಟ್ಟು ಮರುದಿನ ತಿಂದರಾಯಿತು ಎಂದರೆ ಒಪ್ಪುತ್ತಿರಲಿಲ್ಲ. ನನಗೆ ರಜೆ ಇದ್ದದ್ದು ಶನಿವಾರ, ರವಿವಾರ. ಶನಿವಾರ ಇಡೀ ದಿನ ಗುಡ್ಡಕ್ಕೆ ಡ್ರೈವ್ ಮಾಡಿ, ರವಿವಾರ ಬೆಳಿಗ್ಗೆ ಒಂದಿಷ್ಟು ಹೊತ್ತು ಬಂದೂಕು ಹಿಡಿದು ಕೂತು, ಮಧ್ಯಾಹ್ನಕ್ಕೆ ತಿರುಗಿ ಹೊರಡಬೇಕು. ಟೆಕ್ಸಸ್‌ನ ಜಿಂಕೆಗಳಿಗೆ ನಮ್ಮಿಂದ ಅಷ್ಟೇನೂ ಅಪಾಯವಿರಲಿಲ್ಲ.

"ನಿನ್ನ ದೇವರ ವಾರಾನೂ ನನ್ನ ರಜಾನೂ ಒಂದ ದಿನಾ ಹೆಂಗ ಬಂತ?" ಎಂದು ನಾನು ರೇಗಿಸುತ್ತಿದ್ದೆ.

"ನಿಮ್ಮ ಸಾಹೇಬಗ ಹೇಳಿ ಮಂಗಳವಾರ ರಜಾ ಇಸಗೋರಿ," ಎನ್ನುತ್ತಿದ್ದಳು.

ಒಂದು ವರ್ಷ ನಾನು ಜಾಣತನ ಮಾಡಿ, ನವೆಂಬರಿನಲ್ಲಿ ಸರಕಾರ ಬೇಟೆಗೆ ಬಿಡುವ ಮೊದಲ ವಾರಕ್ಕೆ ಸರಿಯಾಗಿ ಕೆಲಸಕ್ಕೆ ರಜೆ ಹಾಕಿ, ಆಸ್ಟಿನ್‌ನಿಂದ ಪಶ್ಚಿಮಕ್ಕೆ ದೂರದಲ್ಲಿ ಬಾಡಿಗೆಗೆ ಒಂದು ಮರದ ಕ್ಯಾಬಿನ್ ಹಿಡಿದೆ. ಲೈಸೆನ್ಸ್, ಬಂದೂಕು, ಚಳಿಗೆ ಬೇಕಾದ ಬಟ್ಟೆ ಎಲ್ಲ ಸಿದ್ಧವಾಗಿತ್ತು. ಅಲ್ಲಿ ತಲುಪಿ ಸಾಮಾನು ಇಳಿಸುವಾಗ ಅವಳು ಇದ್ದಕ್ಕಿದ್ದಂತೆ ನಿಂತಳು. ದೀಪಾವಳಿ ಮುಗಿದು ನಾಲ್ಕು ದಿನವಾಗಿತ್ತು. ಕಾರ್ತಿಕ ಮಾಸ ನಡೆದಿತ್ತು. ಕಾರ್ತಿಕದಲ್ಲಿ ಅವಳ ತವರಿನಲ್ಲಿ ತಿಂಗಳು ಪೂರ್ತಿ ಮಾಂಸ ಮುಟ್ಟುತ್ತಿರಲಿಲ್ಲ. ಆ ವಾರ ನಾವು ಮೆಟ್ಟಿಲ ಮೇಲೆ ಕೂತು ದುರ್ಬೀನಿನಲ್ಲಿ ಜಿಂಕೆ ನೋಡಿದೆವು, ಜೋಳದ ಕಟಕ ರೊಟ್ಟಿಗೆ ಶೇಂಗಾ ಚಟ್ನಿ ಹಚ್ಚಿಕೊಂಡು ತಿಂದೆವು. ಪಕ್ಕದ ಕ್ಯಾಬಿನ್ನಿನ ಬೇಟೆಗಾರರು ನಮಗೆ ಏನೂ ಸಿಗಲಿಲ್ಲವೆಂದು ಮರುಗಿ ಒಂದು ಪೊಟ್ಟಣ ಮಾಂಸ ತಂದುಕೊಟ್ಟರು. ಅವಳು ಅದನ್ನು ತಗೊಂಡು, ನಗುತ್ತ ಅವರಿಗೆ ಚಟ್ನಿಪುಡಿ ಕೊಟ್ಟಳು. ಆ ಮಾಂಸ ಫ್ರೀಜರ್‌ನಲ್ಲಿ ಅಮಾವಾಸ್ಯೆ ಕಾಯುತ್ತ ಇತ್ತು.

ಆಗಲೇ ನಾವು ತೀರ್ಮಾನಿಸಿದ್ದು, ವಾರಕ್ಕೊಮ್ಮೆ ಓಡಿ ಹೋಗಿ ಬರುವ ಬೇಟೆ ನಮ್ಮಂಥವರಿಗೆ ಆಗುವುದಲ್ಲ ಎಂದು. ಅಲ್ಲೇ ಹೋಗಿ ಇದ್ದರೆ ಮಂಗಳವಾರ, ಬುಧವಾರ, ಗುರುವಾರಗಳೆಲ್ಲ ನಮ್ಮವೇ ಆಗುತ್ತವೆ. ಎಲ್ಲಿ ಎಂಬ ಪ್ರಶ್ನೆ ಮಾತ್ರ ಉಳಿಯಿತು. ನನಗೆ ಗುಡ್ಡ ಬೇಕಿತ್ತು. ಅವಳಿಗೆ ಕೆರೆ.

ಅವಳಿಗೆ ಕಾಯಿಲೆ ಎಂದು ಗೊತ್ತಾದ ಮೇಲೆ ನಾವು ಚಿಕಿತ್ಸೆಗೆ ಹ್ಯೂಸ್ಟನ್‌ಗೆ ಹೋಗಿ ಬರತೊಡಗಿದೆವು. ಬರುವಾಗ ಅವಳಿಗೆ ಚೈತನ್ಯವಿದ್ದ ದಿನ ಹೆದ್ದಾರಿ ಬಿಟ್ಟು ಪೂರ್ವಕ್ಕೆ ತಿರುಗುತ್ತಿದ್ದೆವು. ಅಲ್ಲಿ ಪೈನ್ ಮರಗಳ ನಡುವೆ ದೊಡ್ಡ ದೊಡ್ಡ ಕೆರೆಗಳು. ಮನೆ ತೋರಿಸುವವರು ಮಲಗುವ ಕೋಣೆ, ಬಚ್ಚಲು ಎಂದು ಕರೆದೊಯ್ದರೆ ಇವಳು ನೇರ ಅಡುಗೆಮನೆಗೆ ಹೋಗಿ ಕಿಟಕಿ ತೆಗೆಯುತ್ತಿದ್ದಳು. ಮೀನು ಹುರಿದರೆ ಹೊಗೆ ಯಾವ ಕಡೆ ಹೋಗುತ್ತದೆ ಎಂದು ನೋಡಬೇಕು. ನೆಲಕ್ಕೆ ಕಾರ್ಪೆಟ್ ಇದ್ದರೆ ಆ ಮನೆ ಅಲ್ಲಿಗೇ ಮುಗಿಯಿತು. ತಲೆಗೆ ಸ್ಕಾರ್ಫ್ ಕಟ್ಟಿಕೊಂಡು, ಗೋಡೆ ಹಿಡಿದು ನಡೆಯುತ್ತ, ಕಾರ್ಪೆಟ್ಟಿನ ಮೇಲೆ ಮುಂದಿನ ಇಪ್ಪತ್ತು ವರ್ಷದ ವಾಸನೆ ಲೆಕ್ಕ ಹಾಕುತ್ತಿದ್ದಳು. ನಾನೂ ಹೂಂ ಎನ್ನುತ್ತಿದ್ದೆ.

ಒಂದು ಮನೆ ಅವಳಿಗೆ ಹಿಡಿಸಿತು. ಚಿಕ್ಕದು, ಹಲಗೆಯ ನೆಲ, ಕೆರೆಯೊಳಕ್ಕೆ ಚಾಚಿದ ಮರದ ಕಟ್ಟೆ. ಆ ವರ್ಷಗಳಲ್ಲಿ ಮಳೆ ಇಲ್ಲದೆ ಕೆರೆಗಳು ಇಳಿದಿದ್ದವು. ಕಟ್ಟೆಯ ಕೆಳಗೆ ನೀರಿರಲಿಲ್ಲ, ಹುಲ್ಲು ಬೆಳೆದಿತ್ತು. ನೀರು ಎಲ್ಲೋ ದೂರ ಹೊಳೆಯುತ್ತಿತ್ತು. ಅವಳು ಕಟ್ಟೆಯ ತುದಿಗೆ ಹೋಗಿ ಕಾಲು ಇಳಿಬಿಟ್ಟು ಕೂತಳು.

"ನೀರ ಬರ್ತಾವ ತಗೋರಿ," ಎಂದಳು. "ಹೋಗಲಿಕ್ಕೆ ಬ್ಯಾರೆ ಜಾಗಾ ಎಲ್ಲದ ಅವಕ್ಕ?"

ಗುಡ್ಡದ ಕಡೆಯೂ ಒಮ್ಮೆ ನೋಡಿಬರೋಣ ಎಂದೆ. ನೋಡೋಣು ಎಂದಳು. ಅಲ್ಲಿಗೆ ಹೋಗಲು ಆಗಲೇ ಇಲ್ಲ. ಕೊನೆಯ ವಾರಗಳಲ್ಲಿ ಈ ಮಾತನ್ನು ಅವಳೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ.

ಜೂನ್‌ನಲ್ಲಿ ನಾನೊಬ್ಬನೇ ಆ ಕೆರೆಯ ಮನೆಗೆ ಹೋದೆ. ಬಾಡಿಗೆಗೆ ಇನ್ನೂ ಖಾಲಿ ಇತ್ತು. ಬೇಕಿದ್ದರೆ ಒಂದು ವಾರ ಇದ್ದು ನೋಡಿ ಎಂದರು. ಅವಳು ಹೇಳಿದಂತೆ ನೀರು ಬಂದಿತ್ತು, ಕಟ್ಟೆಯ ಕಂಬಗಳ ಮೊಣಕಾಲಿನವರೆಗೆ. ಹಿಟ್ಟು ನಾದಿದೆ, ಇಂಗು ಹಾಕಿದೆ, ಗಾಳ ಬಿಟ್ಟೆ. ಮೀನು ಸಿಕ್ಕಿತು ಕೂಡ. ಆದರೆ ಕೂರಲು ಆಗಲಿಲ್ಲ. ಅವಳು ಗಂಟೆಗಟ್ಟಲೆ ನೋಡುತ್ತಿದ್ದ ನೀರಿನಲ್ಲಿ ನನಗೆ ನೋಡಲು ಏನೂ ಕಾಣಲಿಲ್ಲ. ಎದ್ದು ಒಳಗೆ ಹೋಗುತ್ತಿದ್ದೆ, ಒಳಗಿನಿಂದ ಮತ್ತೆ ಹೊರಗೆ. ವಾರ ಮುಗಿಯುವ ಮುಂಚೆಯೇ ಚಾವಿ ವಾಪಸು ಕೊಟ್ಟು ಬಂದೆ. ಬೇಡ ಎಂದೂ ಹೇಳಲಿಲ್ಲ. ಆಲೋಚಿಸಿ ತಿಳಿಸುತ್ತೇನೆ ಎಂದೆ.

ಆಮೇಲೆ ಬೇಸಿಗೆಯೆಲ್ಲ ತಿರುಗಾಟ. ಪ್ಲೇನೋದ ಸ್ನೇಹಿತರು ದೇವಸ್ಥಾನದ ಹತ್ತಿರ ಒಂದು ಮನೆ ನೋಡಿ ಫೋನ್ ಮಾಡಿದರು. ಥ್ಯಾಂಕ್ಸ್ ಹೇಳಿ ಮರುದಿನ ಇನ್ನಷ್ಟು ದೂರ ಹೋದೆ. ಸೆಪ್ಟೆಂಬರ್‌ನಲ್ಲಿ, ಆಸ್ಟಿನ್ ದಾಟಿ ಪಶ್ಚಿಮಕ್ಕೆ ಬಹಳ ದೂರ, ಫೋನಿನ ಸಿಗ್ನಲ್ ಹೋಗಿ ಬಂದು ಮಾಡುವ ಕಡೆ, ಒಂದು ಕಲ್ಲಿನ ಮನೆ ಸಿಕ್ಕಿತು. ದನ, ಆಡು ಸಾಕಿದ ದೊಡ್ಡ ಜಮೀನಿನ ಮೂಲೆಯಲ್ಲಿತ್ತು. ಜಮೀನಿನ ಒಡತಿ ನನಗಿಂತ ಹಿರಿಯ ಹೆಂಗಸು. ಬಿಸಿಲಿಗೆ ಕಂದಿದ ಮುಖ, ಎತ್ತರದ ಆಳು, ನಡೆಯುವಾಗ ನನ್ನನ್ನು ಹಿಂದೆ ಹಾಕುತ್ತಿದ್ದಳು. ಗುಡ್ಡವೆಂದರೆ ಬರೀ ಬಂಡೆ, ಸೀಡರ್ ಗಿಡ, ಓಕ್ ಮರ. ನೋಡಿದ ಕೂಡಲೇ ನನಗೆ ಇಲ್ಲಿ ಇರಬಹುದು ಅನ್ನಿಸಿತು. ಆ ವರ್ಷ ಯಾವ ಜಾಗದಲ್ಲೂ ಹಾಗೆ ಅನ್ನಿಸಿರಲಿಲ್ಲ.

ಬಾಡಿಗೆ ಕಡಿಮೆ, ಆದರೆ ಒಂದು ಷರತ್ತು ಇತ್ತು. ಜಿಂಕೆಗಳು ವಿಪರೀತ ಹೆಚ್ಚಿ ಆಡುಗಳ ಮೇವನ್ನೆಲ್ಲ ತಿಂದುಹಾಕುತ್ತಿದ್ದವು. ಆ ಮನೆಯಲ್ಲಿ ಇರುವವರು ಬೇಟೆಯ ಕಾಲದಲ್ಲಿ ಹೆಣ್ಣು ಜಿಂಕೆಗಳನ್ನು ಹೊಡೆದು ಸಂಖ್ಯೆ ಇಳಿಸಲು ನೆರವಾಗಬೇಕು. ನವೆಂಬರ್‌ನ ಮೊದಲ ಶನಿವಾರ ಅವಳ ಅಣ್ಣನ ಮಕ್ಕಳು, ಆಸ್ಟಿನ್‌ನ ಪರಿಚಯದವರು ಎಲ್ಲ ಸೇರುತ್ತಾರೆ, ಮಾಂಸ ಕತ್ತರಿಸಿ ಕೊಡುವವರ ಲಾರಿ ಗೇಟಿಗೇ ಬರುತ್ತದೆ, ನೀವೂ ಇರಬೇಕು ಎಂದಳು.

ಸರಿ ಎನ್ನಲು ಬಾಯಿ ತೆರೆದೆ. ವಾರ ಮುರಿದರೂ ನೋಡುವವರು ಯಾರೂ ಇರಲಿಲ್ಲ.

"ಶನಿವಾರ ನನಗೆ ಆಗುವುದಿಲ್ಲ," ಎಂದೆ.

ಬೇರೆ ಕೆಲಸವಿದೆಯೇ ಎಂದು ಕೇಳಿದಳು. ಕೆಲಸವೇನಿಲ್ಲ, ಅವತ್ತು ಮಾಂಸ ತಿನ್ನುವುದಿಲ್ಲ, ಆದ್ದರಿಂದ ಕೊಲ್ಲುವುದೂ ಇಲ್ಲ ಎಂದು ಹೇಳಿದೆ. ಹೇಳುವುದೇ ಆದರೆ ಪೂರ್ತಿ ಹೇಳಿಬಿಡೋಣ ಎಂದು ಸೋಮವಾರವನ್ನೂ ಹೇಳಿದೆ. ದೀಪಾವಳಿಯ ನಂತರದ ಒಂದು ತಿಂಗಳನ್ನೂ ಹೇಳಿದೆ. ಅವಳು ಟೋಪಿ ತೆಗೆದು ಹಣೆ ಒರೆಸಿಕೊಂಡಳು.

"ಬೇಟೆಗೆ ಮನೆ ಹುಡುಕಿಕೊಂಡು ಬಂದವರಲ್ಲಿ ನಿಮ್ಮಂಥವರು ಇಲ್ಲಿಯ ತನಕ ಬಂದಿರಲಿಲ್ಲ. ಇದು ನಿಮ್ಮ ಧರ್ಮವೇ?"

"ನನ್ನ ಹೆಂಡತಿಯ ಪದ್ಧತಿ."

"ಅವರು ಎಲ್ಲಿ?"

ಹೇಳಿದೆ. ಅವಳು ಟೋಪಿಯನ್ನು ಮತ್ತೆ ಹಾಕಿಕೊಂಡಳು. ನಿಮ್ಮ ವಿಷಯ ಕೇಳಿ ಬೇಸರವಾಯಿತು, ಆದರೆ ನನ್ನ ಆಡುಗಳಿಗೆ ಚಳಿಗಾಲಕ್ಕೆ ಮೇವು ಉಳಿಯಬೇಕು ಎಂದಳು. ಕೈಕುಲುಕಿ, ಗೇಟಿನ ತನಕ ಬಂದು ಬಿಟ್ಟುಹೋದಳು.

ಅಲ್ಲಿಂದ ಮಗಳ ಮನೆಗೆ ಹೋದೆ. ಅವಳಿಗೆ ಕನ್ನಡ ಪೂರ್ತಿ ತಿಳಿಯುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ. ನಡೆದದ್ದನ್ನು ಹೇಳಿದಾಗ, ಅಮ್ಮ ಇದ್ದಾಗ ಆ ವಾರಗಳ ಬಗ್ಗೆ ಗೊಣಗುತ್ತಿದ್ದವರು ನೀವೇ ಅಲ್ಲವೇ, ಈಗ ಯಾರು ಕೇಳುತ್ತಾರೆ ಎಂದಳು. ಗೊಣಗಲಿಕ್ಕಾದರೂ ಅವು ಇರಬೇಕಲ್ಲ ಎಂದು ಆಮೇಲೆ ಅನ್ನಿಸಿತು. ಅವಳು ನನ್ನ ತಟ್ಟೆಗೆ ಇನ್ನೊಂದು ಚಪಾತಿ ಹಾಕಿ, "ಇಲ್ಲೇ ಇರ್ರಿ ಅಪ್ಪಾ," ಎಂದಳು. ಈ ಒಂದು ಮಾತನ್ನು ಅವಳು ಕನ್ನಡದಲ್ಲೇ ಹೇಳಿದಳು.

ಕೆಲವು ದಿನ ಇದ್ದೆ. ಮಗಳೂ ಅಳಿಯನೂ ಆಫೀಸಿಗೆ ಹೋದ ಮೇಲೆ ಬೀದಿಗಳಲ್ಲಿ ನಡೆಯುತ್ತಿದ್ದೆ. ಎಲ್ಲ ಮನೆಗಳೂ ಒಂದೇ ಥರ, ಎಲ್ಲ ಬೀದಿಗಳೂ ತಿರುಗಿ ಹೊರಟಲ್ಲಿಗೇ ಬರುತ್ತವೆ. ಒಬ್ಬ ಹೆಂಗಸು ಕಾರು ನಿಲ್ಲಿಸಿ, ನಾಯಿ ಕಳೆದುಕೊಂಡಿದ್ದೀರಾ, ಹುಡುಕಲು ಸಹಾಯ ಬೇಕೇ ಎಂದು ಕೇಳಿದಳು. ಇಲ್ಲಮ್ಮ ಎಂದು ಹೇಳಿ ಮುಂದೆ ನಡೆದೆ. ಲೂಯಿಸ್‌ವಿಲ್‌ಗೆ ವಾಪಸು ಬಂದು ಪೆಟ್ಟಿಗೆ ಕಟ್ಟತೊಡಗಿದೆ. ಎಲ್ಲಿಗೆ ಎಂದು ಗೊತ್ತಿಲ್ಲದೆ ಕಟ್ಟುವಾಗ ಯಾವ ಸಾಮಾನು ಮೇಲೆ ಇಡಬೇಕು ಎಂಬುದೂ ತಿಳಿಯುವುದಿಲ್ಲ.

ಅಕ್ಟೋಬರ್ ಅರ್ಧ ಕಳೆದಾಗ ಜಮೀನಿನ ಒಡತಿ ಫೋನ್ ಮಾಡಿದಳು. ಹೆಚ್ಚು ಮಾತಿನವಳಲ್ಲ, ನೇರ ವಿಷಯಕ್ಕೆ ಬಂದಳು. ಮನೆ ನೋಡಲು ಬಂದವರೆಲ್ಲ ಅಂಗಡಿ ದೂರ, ಸಿಗ್ನಲ್ ಇಲ್ಲ ಎಂದು ತಿರುಗಿ ಹೋಗಿದ್ದರು. ಬಂದು ಇರುತ್ತೇವೆ ಎಂದವರಿಗೂ ಶನಿವಾರ, ರವಿವಾರ ಮಾತ್ರ ಬೇಕಿತ್ತು.

"ಶನಿವಾರದ ಜನ ನನ್ನ ಹತ್ತಿರ ಬೇಕಾದಷ್ಟಿದ್ದಾರೆ," ಎಂದಳು. "ರವಿವಾರ ಸಂಜೆ ಎಲ್ಲರೂ ಹೊರಟುಹೋಗುತ್ತಾರೆ. ಅದು ಜಿಂಕೆಗಳಿಗೂ ಗೊತ್ತು. ಮಂಗಳವಾರ ಹಗಲುಹೊತ್ತಿನಲ್ಲೇ ಬಂದು ಆಡಿನ ತೊಟ್ಟಿಯ ಹತ್ತಿರ ನಿಲ್ಲುತ್ತವೆ. ಮಂಗಳವಾರಕ್ಕೆ ನನ್ನ ಹತ್ತಿರ ಯಾರೂ ಇಲ್ಲ. ನಿಮ್ಮ ತಿಂಗಳು ಮುಗಿದ ಮೇಲೆ ಶುರು ಮಾಡಿ. ಬೇಟೆ ಜನವರಿಯ ತನಕ ಇದೆ."

ನಾಳೆ ಹೇಳುತ್ತೇನೆ ಎಂದೆ. ಹೂಂ ಎಂದರೆ ಕೆರೆಗೆ ಇಲ್ಲ ಎಂದಂತೆ. ಬೇಡ ಎಂದರೆ ಹೆಂಡತಿಯ ಆಸೆಗೇ ಬೇಡ ಎಂದಂತೆ ಎಂದು ಅಷ್ಟು ದಿನ ಕೆರೆಯ ಮನೆಯವರಿಗೆ ಏನೂ ಹೇಳದೆ ಉಳಿದಿದ್ದೆ. ಮಗಳಿಗೆ ಫೋನ್ ಮಾಡಿದೆ. ಅವಳು "ಅಮ್ಮನ ಕೆರೆ?" ಎಂದು ಕೇಳಿದಳು.

"ಅದು ಆಕಿ ಜೋಡಿ ಇರಬೇಕಾದ ಮನಿ," ಎಂದೆ. "ನಾ ಒಬ್ಬಾವ ಅಲ್ಲಿ ಕೂತ್ರ, ಆಕಿ ಬರೋ ದಾರಿ ಕಾಯ್ಕೋತ ಕೂತಂಗ ಆಗ್ತದವಾ. ಒಂದು ವಾರ ಕೂತು ನೋಡೀನಿ."

ಮರುದಿನ ಬೆಳಿಗ್ಗೆ ಎರಡು ಫೋನ್ ಮಾಡಿದೆ. ಮೊದಲು ಕೆರೆಗೆ.

ತಿಂಗಳ ಕೊನೆಗೆ ಮಗಳೂ ಅಳಿಯನೂ ಬಂದು ಸಾಮಾನು ಸಾಗಿಸಿದರು. ಕಾರ್ತಿಕ ಪೂರ್ತಿ ನಾನು ಆ ಗುಡ್ಡಗಳಲ್ಲಿ ತಿರುಗಿದೆ. ಎದ್ದರೆ ನಡಿಗೆ, ಉಂಡರೆ ನಡಿಗೆ. ಶನಿವಾರ ಎಲ್ಲ ಕಡೆಯಿಂದ ಗುಂಡಿನ ಸದ್ದು ಬರುವಾಗ ಮನೆಯೊಳಗೇ ಅತ್ತಿಂದಿತ್ತ ನಡೆಯುತ್ತಿದ್ದೆ. ಒಡತಿ ಒಂದು ದಿನ ಗಾಡಿ ನಿಲ್ಲಿಸಿ ಕಿಟಕಿ ಇಳಿಸಿದಳು. ಇಡೀ ಜಮೀನಿಗೆ ನಿಮ್ಮ ವಾಸನೆ ಹಚ್ಚಿಟ್ಟಿದ್ದೀರಿ, ಹೀಗಾದರೆ ಮಂಗಳವಾರವೂ ಒಂದು ಜಿಂಕೆ ಬರುವುದಿಲ್ಲ, ಒಂದು ಕಡೆ ಕೂರುವುದನ್ನು ಕಲಿಯಿರಿ ಎಂದು ಬೈದು ಹೋದಳು.

ಅಮಾವಾಸ್ಯೆ ಕಳೆದು ಬಂದ ಮಂಗಳವಾರ ಬೆಳಗಾಗುವ ಮುಂಚೆ ಬಂದೂಕು ಹಿಡಿದು ಓಕ್ ಮರದ ಅಟ್ಟಣಿಗೆ ಹತ್ತಿದೆ. ಚಳಿ ಇತ್ತು. ಕಾಲುಗಳು ತಾವಾಗಿಯೇ ಅಲುಗುತ್ತಿದ್ದವು. ಇಳಿದುಬಿಡೋಣ ಎಂದು ಎಷ್ಟೋ ಸಲ ಅನ್ನಿಸಿತು. ಕೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡು ಕೂತೆ. ಬೆಳಕು ಬಂತು, ಹಕ್ಕಿಗಳು ಬಂದವು. ದೂರದಲ್ಲಿ ಆಡಿನ ಗಂಟೆ ಕೇಳಿಸಿತು. ಬಿಸಿಲು ಮರದ ಬುಡಕ್ಕೆ ಬರುವ ತನಕ ಕೂತಿದ್ದೆ. ಜಿಂಕೆ ಬರಲಿಲ್ಲ.

ಕೆಳಗೆ ಬಂದಾಗ ಒಡತಿ ಬೇಲಿಯ ತಂತಿ ಬಿಗಿಯುತ್ತಿದ್ದಳು. ಏನೂ ಕಾಣಲಿಲ್ಲ ಎಂದೆ. ಎಷ್ಟು ಹೊತ್ತು ಕೂತಿದ್ದಿರಿ ಎಂದು ಕೇಳಿದಳು. ಹೇಳಿದೆ. ಅವಳು ಇಕ್ಕಳವನ್ನು ಜೇಬಿಗೆ ಹಾಕಿಕೊಂಡಳು.

"ನಾಳೆ ಬುಧವಾರ," ಎಂದಳು.