ಫುಟ್‌ಬಾಲ್ ಜಗಳದಲ್ಲಿ ಮರೆತುಬಂದ ದೇವರು

2023ರ ಏಪ್ರಿಲ್ ತಿಂಗಳ ಕೊನೆಯ ಶನಿವಾರ ನಡೆದ ಸಂಗತಿ ಇದು. ಮರುದಿನ ಬೆಳಗ್ಗೆ ನಾರ್ತ್ ಕೆರೊಲಿನಾದ ರಿಸರ್ಚ್ ಟ್ರಯಾಂಗಲ್ ಪಾರ್ಕ್ ಸಮೀಪದಲ್ಲಿರುವ ನನ್ನ ತಮ್ಮನ ಮಗನ ಮನೆಯಲ್ಲಿ ಉಪನಯನವಿತ್ತು. ನಮ್ಮ ಮನೆತನದಲ್ಲಿ ಯಾವ ಶುಭಕಾರ್ಯವೇ ಇರಲಿ, ಮನೆದೇವರ ಸಾಲಿಗ್ರಾಮಗಳನ್ನು ಮಂಟಪದಲ್ಲಿಟ್ಟು ಪೂಜಿಸಿದ ಮೇಲೆಯೇ ಮುಂದಿನ ಕೆಲಸ. ಮುತ್ತಜ್ಜನ ಕಾಲದಿಂದ ಬಂದಿರುವ ಆ ಮೂರು ಸಾಲಿಗ್ರಾಮಗಳು ಹಿತ್ತಾಳೆಯ ಪುಟ್ಟ ಪೆಟ್ಟಿಗೆಯೊಂದರಲ್ಲಿ, ರೇಷ್ಮೆಯ ವಸ್ತ್ರದ ನಡುವೆ, ಹಿರಿಯನಾದ ನನ್ನ ವಶದಲ್ಲಿವೆ. ಮೈಸೂರಿನಲ್ಲಿ ಸಂಸ್ಕೃತ ಅಧ್ಯಾಪಕನಾಗಿ ನಿವೃತ್ತನಾದ ನಾನು ಅಟ್ಲಾಂಟಾದ ಹೊರವಲಯದ ಕಮ್ಮಿಂಗ್‌ಗೆ, ಮಗಳ ಮನೆಗೆ ಬಂದು ನೆಲೆಸಿದಾಗ ಕೈಚೀಲದಲ್ಲಿ ಎದೆಗವಚಿಕೊಂಡು ತಂದದ್ದು ಇದೊಂದನ್ನೇ. ಸ್ನಾನ ಮಾಡಿ ಮಡಿಯುಡದೆ ಯಾರೂ ಪೆಟ್ಟಿಗೆಯನ್ನು ಮುಟ್ಟಕೂಡದೆಂದು ಬಂದ ಮೊದಲ ದಿನವೇ ಮನೆಯವರಿಗೆಲ್ಲ ಹೇಳಿದ್ದೆ.

ಮಗಳಿಗೆ ಆಸ್ಪತ್ರೆಯ ಕೆಲಸವಿದ್ದುದರಿಂದ ನನ್ನನ್ನು ಕರೆದೊಯ್ಯುವ ಹೊಣೆ ಅಳಿಯ ಗಿರೀಶನದಾಯಿತು. ಅವನ ಸ್ನೇಹಿತ ಬಸವರಾಜನೂ ಜೊತೆಯಾದ. ಧಾರವಾಡದ ಕಡೆಯ ಬಸವರಾಜ ಮೊದಲು ಹತ್ತು ವರ್ಷ ನಾರ್ತ್ ಕೆರೊಲಿನಾದ ಶಾರ್ಲಟ್ ನಗರದಲ್ಲಿದ್ದು, ಈಗ ನಮ್ಮ ಹತ್ತಿರದ ಸುವಾನಿಯಲ್ಲಿ ಮನೆ ಮಾಡಿಕೊಂಡಿರುವ ಎಂಜಿನಿಯರ್. ಅವನಿಗೂ ಆ ಕಡೆಯೇ ಕೆಲಸವಿತ್ತು. ಇಬ್ಬರೂ ಸಜ್ಜನರು, ಉಪಕಾರಿಗಳು. ಆದರೆ ಒಂದೇ ಕಾರಿನಲ್ಲಿ ಕೂರಿಸಬಾರದವರು ಎಂಬುದು ನನಗೆ ತಿಳಿಯಲು ಹತ್ತು ನಿಮಿಷವೂ ಹಿಡಿಯಲಿಲ್ಲ.

ಕಾರಣ ಫುಟ್‌ಬಾಲ್. ನಾವು ಬಲ್ಲ, ಕಾಲಿನಿಂದ ಆಡುವ ಫುಟ್‌ಬಾಲ್ ಅಲ್ಲ. ಶಿರಸ್ತ್ರಾಣ ಧರಿಸಿ, ಚೆಂಡನ್ನು ಕಂಕುಳಲ್ಲಿಟ್ಟುಕೊಂಡು ಓಡುವ ಇಲ್ಲಿಯ ಆಟ. ಗಿರೀಶ ಅಟ್ಲಾಂಟಾ ತಂಡದ ಭಕ್ತ, ಬಸವರಾಜ ಶಾರ್ಲಟ್ ತಂಡದವನು. ವರ್ಷಕ್ಕೊಮ್ಮೆ, ಏಪ್ರಿಲ್ ಕೊನೆಗೆ, ಕಾಲೇಜಿನಲ್ಲಿ ಆಡಿ ಬಂದ ತರುಣರನ್ನು ಈ ತಂಡಗಳು ಸರದಿಯ ಪ್ರಕಾರ ಆರಿಸಿಕೊಳ್ಳುತ್ತವೆ. ಅದಕ್ಕೆ ಡ್ರಾಫ್ಟ್ ಎಂದು ಹೆಸರು. ಮೂರು ದಿನ ನಡೆಯುವ ಆ ಆಯ್ಕೆಯ ಮೂರನೆಯ ದಿನ ನಮ್ಮ ಪ್ರಯಾಣದ ದಿನವೇ ಆಗಬೇಕೆ?

ಅವರು ಆ ವರ್ಷದ ಆಯ್ಕೆಯನ್ನು ಚರ್ಚಿಸಿದ್ದರೆ ಸಹಿಸಬಹುದಾಗಿತ್ತು. ಅವರು ಜಗಳವಾಡುತ್ತಿದ್ದುದು ಕಳೆದುಹೋದ ವರ್ಷಗಳ ಬಗ್ಗೆ.

"ನಮ್ಮ ಸರದಿ ಬಂದಾಗ ಅವನು ಇನ್ನೂ ಬೋರ್ಡ್ ಮೇಲೇ ಇದ್ದ ಕಣೋ, ಯಾರೂ ತಗೊಂಡಿರ್ಲಿಲ್ಲ. ಕಣ್ಮುಂದೆ ಇದ್ದವನನ್ನ ಬಿಟ್ಟು, ಆ ಮೊಣಕಾಲು ನೋವಿನವನನ್ನ ಪಿಕ್ ಮಾಡಿದ್ರು ನಮ್ಮವರು," ಎಂದು ಗಿರೀಶ ಸ್ಟೀರಿಂಗ್ ಚಕ್ರವನ್ನು ಗುದ್ದಿದ.

"ನಿಮ್ಮವ್ರು ಒಬ್ಬನ್ನ ಬಿಟ್ರಪಾ. ನಮ್ಮವ್ರು ನೋಡು, ಮೊದಲಿನ ಸರದಿ ಬೇಕಂತ ಟ್ರೇಡ್ ಮಾಡಿ, ಇದ್ದ ಸರದಿ ಎಲ್ಲಾ ಬ್ಯಾರೆಯವ್ರಿಗೆ ಕೊಟ್ಟು, ತಂದದ್ದು ಯಾರನ್ನ? ಎರಡು ವರ್ಷ ಬೆಂಚ್ ಮ್ಯಾಲೆ ಕುಂತು ಮನಿಗೆ ಹೋದ ಆ ಮಹಾಶಯನ್ನ," ಎಂದ ಬಸವರಾಜ.

"ನಮ್ಮದೇ ದೊಡ್ಡ ಮಿಸ್ಟೇಕ್."

"ಏ, ಹೋಗಪಾ. ನಮ್ಮಷ್ಟು ಹಾಳು ಮಾಡ್ಕೊಂಡವ್ರು ಯಾರೂ ಇಲ್ಲ."

ತಮ್ಮ ಕಡೆಯವರೇ ಹೆಚ್ಚು ದಡ್ಡರೆಂದು ಸಾಧಿಸುವುದಕ್ಕಾಗಿ ಇಬ್ಬರು ವಿದ್ಯಾವಂತರು ಇಷ್ಟು ಆವೇಶದಿಂದ ವಾದಿಸುವುದನ್ನು ನಾನು ಅದುವರೆಗೆ ಕಂಡಿರಲಿಲ್ಲ. ಎಂದೂ ಭೇಟಿಯಾಗದವರನ್ನು 'ನಮ್ಮವರು' ಎಂದು ಕರೆಯುವ ಆ ಸಲುಗೆಯಂತೂ ನನಗೆ ಅಸಹನೀಯವಾಗಿತ್ತು. ಹಿಂದಿನ ಸೀಟಿನಲ್ಲಿ ಕಣ್ಣು ಮುಚ್ಚಿ ನಾಮಸ್ಮರಣೆಗೆ ತೊಡಗಿದರೆ, ನಾಮದ ನಡುವೆ 'ಸೆಕೆಂಡ್ ರೌಂಡ್' ಎಂಬ ಶಬ್ದ ನುಗ್ಗುತ್ತಿತ್ತು.

ಬೆಳಗಿನ ಆರಕ್ಕೆ ಹೊರಟಿದ್ದರಿಂದ ನನ್ನ ಪೂಜೆ ಬಾಕಿಯಿತ್ತು. ಪೂಜೆಯಾಗದೆ ನಾನು ನೀರನ್ನೂ ಮುಟ್ಟುವವನಲ್ಲ. ಸೌತ್ ಕೆರೊಲಿನಾದ ಗಡಿ ದಾಟಿದ ಮೇಲೆ ಹೆದ್ದಾರಿ ಪಕ್ಕದಲ್ಲಿ ಪ್ರಯಾಣಿಕರು ದಣಿವಾರಿಸಿಕೊಳ್ಳುವ ರೆಸ್ಟ್ ಏರಿಯಾದಲ್ಲಿ ಕಾರು ನಿಲ್ಲಿಸಲು ಹೇಳಿದೆ. ಮರಗಳ ನೆರಳಲ್ಲಿ ಒಂದು ಕಲ್ಲಿನ ಮೇಜು ಸಿಕ್ಕಿತು. ಅದನ್ನು ತೊಳೆದು, ವಸ್ತ್ರ ಹಾಸಿ, ಪೆಟ್ಟಿಗೆ ತೆರೆದು, ಸಂಕ್ಷೇಪವಾಗಿ ಪೂಜೆ ಮಾಡಿ, ಒಣದ್ರಾಕ್ಷಿಯನ್ನು ನಿವೇದಿಸಿದೆ. ಆ ಅರ್ಧ ಗಂಟೆ ಮನಸ್ಸು ಎಷ್ಟು ತಿಳಿಯಾಗಿತ್ತೆಂದರೆ, ಪಕ್ಕದಲ್ಲಿ ಲಾರಿಗಳು ಹಾಯುತ್ತಿದ್ದುದೂ ಕೇಳಲಿಲ್ಲ.

ಕಣ್ಣು ತೆರೆದರೆ ಅದೇ ಜಗಳ. ಇಬ್ಬರೂ ಕಾರಿನ ಬಾಗಿಲ ಬಳಿ ನಿಂತು, ಒಬ್ಬರ ಮುಖಕ್ಕೆ ಒಬ್ಬರು ಫೋನು ಹಿಡಿದು, ಯಾವುದೋ ಹಳೆಯ ಪಟ್ಟಿಯನ್ನು ತೋರಿಸುತ್ತಿದ್ದರು. ನನ್ನ ತಾಳ್ಮೆ ತಪ್ಪಿತು. ಪೆಟ್ಟಿಗೆಯನ್ನು ಕೈಯಲ್ಲಿ ಹಿಡಿದುಕೊಂಡು ಎದ್ದವನು ಅವರ ಬಳಿಗೆ ಹೋಗಿ ಒಂದು ಉಪನ್ಯಾಸವನ್ನೇ ಕೊಟ್ಟೆ. ಕಳೆದುಹೋದದ್ದನ್ನು ಕುರಿತು ಶೋಕಿಸುವುದು ಬುದ್ಧಿವಂತರ ಲಕ್ಷಣವಲ್ಲವೆಂದೂ, ಕೈಯಲ್ಲಿರುವ ಈ ಕ್ಷಣವನ್ನು ಜಾಗ್ರತೆಯಿಂದ ಕಾಪಾಡಿಕೊಳ್ಳುವುದೇ ವಿವೇಕವೆಂದೂ ಹೇಳಿದೆ. ಇಬ್ಬರೂ ತಲೆತಗ್ಗಿಸಿ ಕೇಳಿದರು. ಕಾರು ಹತ್ತಿದ ಮೇಲೂ ಹತ್ತು ಮೈಲಿಯವರೆಗೆ ನನ್ನ ಉಪನ್ಯಾಸ ಮುಂದುವರಿಯಿತು. ಬಳಿಕ ತೃಪ್ತಿಯಿಂದ ನಿದ್ದೆ ಹೋದೆ.

ಶಾರ್ಲಟ್ ಹತ್ತಿರ ಪೆಟ್ರೋಲ್ ಹಾಕಿಸಲು ನಿಲ್ಲಿಸಿದಾಗ ಎಚ್ಚರವಾಯಿತು. ಇಬ್ಬರಿಗೂ ಪ್ರಸಾದದ ದ್ರಾಕ್ಷಿ ಕೊಡೋಣವೆಂದು ಪಕ್ಕದ ಸೀಟಿಗೆ ಕೈಚಾಚಿದೆ. ದ್ರಾಕ್ಷಿಯ ಡಬ್ಬಿಯಿತ್ತು. ಪೆಟ್ಟಿಗೆ ಇರಲಿಲ್ಲ.

ಸೀಟಿನ ಕೆಳಗೆ, ಹಿಂದಿನ ಡಿಕ್ಕಿಯಲ್ಲಿ, ಚೀಲಗಳ ಒಳಗೆ, ಎಲ್ಲೂ ಇರಲಿಲ್ಲ. ಎಪ್ಪತ್ತನಾಲ್ಕು ವರ್ಷದ ನಾನು ಚೀಲಗಳನ್ನೆಲ್ಲ ನೆಲಕ್ಕೆ ಸುರಿದು ಮತ್ತೊಮ್ಮೆ ಹುಡುಕಿದೆ. ನಾಲ್ಕು ತಲೆಮಾರಿನವರು ಒಂದು ದಿನವೂ ತಪ್ಪದೆ ಪೂಜಿಸಿದ ದೇವರು. ನಾಳೆ ಬೆಳಗ್ಗೆ ಆ ಮಂಟಪದಲ್ಲಿ ಖಾಲಿ ಪೀಠವನ್ನಿಟ್ಟು ತಮ್ಮನ ಮಗನಿಗೆ ನಾನು ಏನೆಂದು ಹೇಳಲಿ?

"ಮೇಜಿನ ಮೇಲೆ ಬಿಟ್ಟು ಬಂದಿರಾ? ಇಬ್ಬರು ಗಂಡಸರು ಇದ್ದೂ ನೋಡಲಿಲ್ಲವಾ?" ಎಂದೆ.

ಗಿರೀಶ ಬೆವರುತ್ತಿದ್ದ. "ಮಾವ, ಅದು ಕಾರಿನ ಹತ್ತಿರಾನೇ ಇತ್ತು. ನಾನು ನೋಡ್ದೆ. ಆದ್ರೆ ನೀವು ಮುಟ್ಟಬೇಡಿ ಅಂದಿದ್ರಲ್ಲ. ನೀವೇ ತಗೋತೀರಿ ಅಂದ್ಕೊಂಡೆ."

"ನಾನೂ ನೋಡಿದ್ನ್ರಿ ಅಂಕಲ್," ಎಂದ ಬಸವರಾಜ ಮೆಲ್ಲಗೆ. "ಕಣ್ಮುಂದ ಇದ್ದದ್ದನ್ನ ಬಿಟ್ಟ ಬಂದ್ವಿ."

ಮತ್ತೆ ಹಿಂದಕ್ಕೆ ಒಂದೂವರೆ ಗಂಟೆಯ ದಾರಿ. ಆ ದಾರಿಯುದ್ದಕ್ಕೂ ನಾನು ಆಡಿದ ಮಾತುಗಳನ್ನು ನೆನೆದರೆ ಈಗಲೂ ನಾಚಿಕೆಯಾಗುತ್ತದೆ. ನಿಮ್ಮ ಆಟದ ಹುಚ್ಚಿನಿಂದ ಹೀಗಾಯಿತು, ನೀವು ಜಗಳವಾಡದಿದ್ದರೆ ನಾನು ಮರೆಯುತ್ತಿರಲಿಲ್ಲ, ಅಲ್ಲಿ ನಿಲ್ಲಿಸದೆ ಮುಂದಿನ ಊರಲ್ಲಿ ನಿಲ್ಲಿಸಬೇಕಿತ್ತು, ಮನೆಯಲ್ಲೇ ಪೂಜೆ ಮುಗಿಸಿ ಹೊರಡಬೇಕಿತ್ತು. ಕಳೆದದ್ದಕ್ಕೆ ಶೋಕಿಸಬಾರದೆಂದು ಬೋಧಿಸಿ ಎರಡು ಗಂಟೆಯೂ ಆಗಿರಲಿಲ್ಲ. ಅವರಿಬ್ಬರಲ್ಲಿ ಯಾರೂ ಅದನ್ನು ನೆನಪಿಸಲಿಲ್ಲ. ಬಸವರಾಜ ಮಾತ್ರ ಒಮ್ಮೆ ಅಂಗಿಯ ಮೇಲಿಂದ ತನ್ನ ಇಷ್ಟಲಿಂಗದ ಕರಡಿಗೆಯನ್ನು ಮುಟ್ಟಿಕೊಂಡು, "ನಮ್ಮ ದೇವರು ಕೊರಳಾಗ ಇರ್ತಾನ್ರಿ ಅಂಕಲ್. ಎಲ್ಲೂ ಬಿಟ್ಟ ಬರಾಕ ಆಗೂದಿಲ್ಲ," ಎಂದ. ಗಿರೀಶ ಅವನ ತೊಡೆಗೆ ಚಿವುಟಿದ್ದು ನನಗೆ ಕಾಣಿಸಿತು.

ಹೆದ್ದಾರಿಯ ಆಚೆ ಬದಿಯಲ್ಲಿ ಆ ರೆಸ್ಟ್ ಏರಿಯಾದ ಮರಗಳು ಕಂಡವು. ಆದರೆ ನಾವು ಈಚೆ ಬದಿಯಲ್ಲಿದ್ದೆವು. ಇನ್ನೂ ಕೆಲವು ಮೈಲಿ ಮುಂದೆ ಹೋಗಿ, ತಿರುಗಿಸಿಕೊಂಡು ಬರಬೇಕಾಯಿತು. ಆ ಕೆಲವು ಮೈಲಿಗಳಷ್ಟು ಉದ್ದವಾದ ದಾರಿಯನ್ನು ನಾನು ಜೀವನದಲ್ಲಿ ಕ್ರಮಿಸಿಲ್ಲ.

ಪೆಟ್ಟಿಗೆ ಇಟ್ಟಲ್ಲಿಯೇ ಇತ್ತು. ಪೂಜೆಯ ಮೇಜಿನ ಮೇಲಲ್ಲ, ಕಾರು ನಿಲ್ಲಿಸಿದ್ದ ಜಾಗಕ್ಕೆ ಹತ್ತಿರದ ಬೆಂಚಿನ ಒಂದು ತುದಿಯಲ್ಲಿ. ಇನ್ನೊಂದು ತುದಿಯಲ್ಲಿ, ಸುಮಾರು ನನ್ನ ವಯಸ್ಸಿನ ಕಪ್ಪು ಜನಾಂಗದ ಹಿರಿಯರೊಬ್ಬರು ಮೊಣಕಾಲ ಮೇಲೆ ಕೈಯೂರಿ ಕುಳಿತಿದ್ದರು. ತಲೆಯ ಮೇಲೆ ಬಸವರಾಜನ ತಂಡದ ಟೋಪಿ. ನಮ್ಮನ್ನು ಕಂಡು ಎದ್ದುನಿಂತು, "ಬಂದೇ ಬರುತ್ತೀರಿ ಎಂದುಕೊಂಡಿದ್ದೆ," ಎಂದು ಇಂಗ್ಲಿಷಿನಲ್ಲಿ ಹೇಳಿದರು.

ಅವರ ಹೆಸರು ವಾಲ್ಟರ್. ಶಾಲೆಯ ಬಸ್ ಚಾಲಕರಾಗಿ ನಿವೃತ್ತರಾದವರು. ಅಟ್ಲಾಂಟಾದ ಮಗಳ ಮನೆಯಿಂದ ಶಾರ್ಲಟ್‌ಗೆ ಹಿಂತಿರುಗುವಾಗ ಕಾಫಿಗೆಂದು ಅಲ್ಲಿ ನಿಲ್ಲಿಸಿದ್ದರಂತೆ. ವಾರಸುದಾರರಿಲ್ಲದ ಲೋಹದ ಪೆಟ್ಟಿಗೆಯೆಂದು ಅಲ್ಲಿಯ ಕೆಲಸಗಾರನೊಬ್ಬ ಪೊಲೀಸರಿಗೆ ಫೋನು ಮಾಡಲು ಹೊರಟಾಗ, "ವಾರಸುದಾರರನ್ನು ನಾನು ಬಲ್ಲೆ, ಈಗ ಬರುತ್ತಾರೆ," ಎಂದು ತಡೆದರಂತೆ. ಹಾಗೆ ಹೇಳಿದ ಮೇಲೆ ಬಿಟ್ಟು ಹೋಗುವಂತಿರಲಿಲ್ಲ. ಮೂರೂವರೆ ಗಂಟೆ ಕುಳಿತಿದ್ದಾರೆ.

"ಒಳಗೆ ಕಚೇರಿಯಲ್ಲಿ ಕೊಡಬಹುದಿತ್ತಲ್ಲ," ಎಂದ ಗಿರೀಶ.

"ಇವರು ಅದರ ಮುಂದೆ ಕೈಮುಗಿದು ಕುಳಿತದ್ದನ್ನು ನೋಡಿದ್ದೆ. ನಾನು ಮುಟ್ಟಬಾರದು ಅನ್ನಿಸಿತು," ಎಂದರು ಅವರು. "ಬಸ್ಸಿನಲ್ಲಿಯೂ ಅಷ್ಟೆ. ಮಕ್ಕಳು ಚೀಲ ಬಿಟ್ಟು ಇಳಿದರೆ ನಾನು ತೆರೆಯುತ್ತಿರಲಿಲ್ಲ. ಅವರ ತಾಯಂದಿರು ಓಡಿ ಬರುವವರೆಗೆ ಕಾಯುತ್ತಿದ್ದೆ."

ಬಳಿಕ ನನ್ನ ಕಡೆ ತಿರುಗಿ ಮುಗುಳ್ನಕ್ಕರು. "ನೀವು ಈ ಇಬ್ಬರನ್ನು ಬಯ್ಯುತ್ತಿದ್ದಿರಿ. ಒಂದು ಕೈ ಸಾಲದಾಯಿತು. ಪೆಟ್ಟಿಗೆಯನ್ನು ಬೆಂಚಿನ ಮೇಲಿಟ್ಟು ಎರಡೂ ಕೈಗಳನ್ನು ಆಡಿಸಿದಿರಿ. ಹಾಗೇ ಕಾರು ಹತ್ತಿದಿರಿ. ನಾನು ಕೂಗಿದೆ, ನಿಮಗೆ ಕೇಳಿಸಲಿಲ್ಲ."

ನಾನು ಅಳಿಯನ ಮುಖ ನೋಡಲಾರದೆ ಪೆಟ್ಟಿಗೆಯನ್ನು ಎದೆಗವಚಿಕೊಂಡು ನಿಂತೆ. "ಗಿರೀಶ, ತಪ್ಪು ನನ್ನದು," ಎಂದೆ. ಅವನಿಗೆ ನನ್ನಿಂದ ಅಂಥ ಮಾತು ಕೇಳಿ ರೂಢಿಯಿಲ್ಲ. "ಬಿಡಿ ಮಾವ," ಎಂದಷ್ಟೇ ಹೇಳಿ ಬೇರೆ ಕಡೆ ನೋಡಿದ.

ಅಷ್ಟರಲ್ಲಿ ವಾಲ್ಟರ್ ಬಸವರಾಜನ ಬಳಿಗೆ ಬಂದರು. "ನಿಮ್ಮ ಫೋನಿನಲ್ಲಿ ಡ್ರಾಫ್ಟ್ ಬರುತ್ತಿದೆಯೇ? ನಮ್ಮವರು ಯಾರನ್ನು ತೆಗೆದುಕೊಂಡರು?" ಎಂದು ಕೇಳಿದರು. ಮಧ್ಯಾಹ್ನದ ಆಯ್ಕೆಯನ್ನು ಮನೆಯಲ್ಲಿ ಟಿವಿಯ ಮುಂದೆ ಕುಳಿತು ನೋಡಬೇಕೆಂದು ಹೊರಟಿದ್ದವರು ಅವರು. ನನ್ನ ಪೆಟ್ಟಿಗೆಗಾಗಿ ಅದನ್ನು ಕಳೆದುಕೊಂಡಿದ್ದರು.

ಬಸವರಾಜ ಹೇಳಿದ. ಅವರು ಹಣೆ ಚಚ್ಚಿಕೊಂಡರು. ಗಿರೀಶ ಏನೋ ಕುಟುಕಿದ. ಎರಡು ನಿಮಿಷದಲ್ಲಿ ಮೂವರೂ ಆ ಬೆಂಚಿನ ಸುತ್ತ ನಿಂತು, ಎಂದೋ ಕೈಬಿಟ್ಟ ಯಾರೋ ಆಟಗಾರನ ಬಗ್ಗೆ ದನಿಯೇರಿಸಿ ವಾದಿಸತೊಡಗಿದರು. ಉಪನಯನದ ಮನೆ ಇನ್ನೂ ನಾಲ್ಕೂವರೆ ಗಂಟೆಯ ದೂರವಿತ್ತು. ನನಗೆ ಹಸಿವಾಗಿತ್ತು, ಕಾಲು ನೋಯುತ್ತಿತ್ತು, ತಲೆ ಸಿಡಿಯುತ್ತಿತ್ತು. ಆದರೆ ಯಾವ ಬಾಯಿಂದ ಬೇಡವೆನ್ನಲಿ? ಅದೇ ಬೆಂಚಿನ ಮೇಲೆ ಕುಳಿತು ಅರ್ಧ ಗಂಟೆ ಕೇಳಿದೆ.

ಹೊರಡುವಾಗ ವಾಲ್ಟರ್ ಅವರ ಕೈಗೆ ಪ್ರಸಾದದ ದ್ರಾಕ್ಷಿ ಹಾಕಿ, ನನ್ನಿಂದ ಏನಾದರೂ ಆಗಬೇಕೇ ಎಂದು ಕೇಳಿದೆ. ಅವರು ದ್ರಾಕ್ಷಿಯನ್ನು ಒಂದೊಂದಾಗಿ ತಿಂದು ಯೋಚಿಸಿದರು.

"ನೀವು ದಿನವೂ ಇದರ ಮುಂದೆ ಕೂರುತ್ತೀರಲ್ಲ. ನಮ್ಮ ತಂಡದ ಬಗ್ಗೆ ಒಂದು ಮಾತು ಹೇಳಿಬಿಡಿ. ನಾನು ಹೇಳಿ ಹೇಳಿ ಸಾಕಾಗಿದೆ."

ಭಗವಂತನ ಮುಂದೆ ಏನನ್ನೂ ಬೇಡಬಾರದೆಂದು ಮೂವತ್ತೈದು ವರ್ಷ ವಿದ್ಯಾರ್ಥಿಗಳಿಗೆ ಪಾಠ ಹೇಳಿದವನು ನಾನು. ನನಗಾಗಿ, ಮಕ್ಕಳಿಗಾಗಿ ಕೂಡ ಬೇಡಿದವನಲ್ಲ. ಆದರೆ ಕೈಯಲ್ಲಿ ಪೆಟ್ಟಿಗೆಯಿತ್ತು. "ಆಗಲಿ," ಎಂದೆ.

ಮರುದಿನ ಮಂಟಪದಲ್ಲಿ ಸಾಲಿಗ್ರಾಮಗಳನ್ನಿಟ್ಟು ಪೂಜಿಸಿದೆ. ಕಾರಿನಿಂದ ಮಂಟಪದವರೆಗೆ ಪೆಟ್ಟಿಗೆಯನ್ನು ಹೊತ್ತು ತಂದವನು ಗಿರೀಶ. ಸ್ನಾನ ಮಾಡಿದ್ದನೋ ಇಲ್ಲವೋ, ನಾನು ಕೇಳಲಿಲ್ಲ. ಅಂದಿನಿಂದ ನಮ್ಮ ಮನೆಯಲ್ಲಿ ಪೆಟ್ಟಿಗೆಯನ್ನು ಯಾರು ಬೇಕಾದರೂ ಎತ್ತಿಕೊಳ್ಳಬಹುದು; ಬಿಟ್ಟು ಮಾತ್ರ ಬರಬಾರದು.

ಕೊಟ್ಟ ಮಾತನ್ನೂ ಉಳಿಸಿಕೊಂಡು ಬಂದಿದ್ದೇನೆ. ದಿನವೂ ಮಂಗಳಾರತಿಯ ಬಳಿಕ ಶಾರ್ಲಟ್ ತಂಡದ ಹೆಸರನ್ನು ಒಮ್ಮೆ ಹೇಳುತ್ತೇನೆ. ಗಿರೀಶನಿಗೆ ಇದು ಸಹ್ಯವಾಗಿಲ್ಲ. "ನಮ್ಮ ಮನೇಲೇ ಕೂತ್ಕೊಂಡು, ನಮಗೇ ಎದುರು ಆಡೋರಿಗೋಸ್ಕರ ಪ್ರಾರ್ಥನೆ ಮಾಡ್ತೀರಲ್ಲ ಮಾವ," ಎಂದು ಗೊಣಗುತ್ತಾನೆ.

ಏಪ್ರಿಲ್ ಕೊನೆ ಬಂದರೆ ಬಸವರಾಜ ಈಗಲೂ ನಮ್ಮ ಮನೆಗೆ ಬರುತ್ತಾನೆ. ಇಬ್ಬರೂ ಟಿವಿಯ ಮುಂದೆ ಕುಳಿತು ಅದೇ ಹಳೆಯ ಹೆಸರುಗಳನ್ನು ಹಿಡಿದು ಕಚ್ಚಾಡುತ್ತಾರೆ. ನನಗೆ ಅಂದಿನಷ್ಟೇ ರೇಗುತ್ತದೆ. ಆ ವಿಷಯದಲ್ಲಿ ನನ್ನ ಮನಸ್ಸು ಪಕ್ವವಾಯಿತೆಂದು ಸುಳ್ಳು ಹೇಳಲಾರೆ. ಹೋದ ವರ್ಷ ಆ ಗದ್ದಲ ತಡೆಯಲಾರದೆ ದೇವರ ಕೋಣೆಯಿಂದ ಎದ್ದು ಬಂದು ಬಾಗಿಲಲ್ಲಿ ನಿಂತೆ. ಮತ್ತೊಂದು ಉಪನ್ಯಾಸ ಬಂತೆಂದು ಇಬ್ಬರೂ ಟಿವಿಯ ಸದ್ದು ತಗ್ಗಿಸಿ ಕಾದರು.

"ನಮ್ಮವರ ಸರದಿ ಬಂತೇ?" ಎಂದು ಕೇಳಿದೆ.