ಮುಂದೆ ಉಬ್ಬಿದೆ, ಅಣ್ಣಾ

ಬೆಳಗಿನ ಆರೂ ಕಾಲು. ಆಸ್ಪತ್ರೆಯ ಮೂರನೇ ಮಹಡಿಯ ಕಾರಿಡಾರಿನಲ್ಲಿ ಒಂದು ಸ್ಟ್ರೆಚರ್ ಬರುತ್ತಿದೆ. ಅದರ ಮೇಲೆ ಮಲಗಿರುವ ಅಜ್ಜಿಗೆ ಕಾಣುವುದು ಚಾವಣಿ, ಟ್ಯೂಬ್‌ಲೈಟು, ಮತ್ತೆ ಚಾವಣಿ. ತಲೆಯ ಹಿಂದಿನಿಂದ ಒಂದು ದನಿ ಮಾತ್ರ ಬಿಡದೆ ಕೇಳುತ್ತದೆ. "ಈಗ ಹೊಸ್ತಿಲು ಬರುತ್ತೆ ಅಜ್ಜಿ, ಸ್ವಲ್ಪ ಕುಲುಕುತ್ತೆ. ಆಯ್ತು, ದಾಟಿದ್ವಿ. ಈಗ ಎಡಕ್ಕೆ. ಇನ್ನು ಲಿಫ್ಟು, ಒಳಗೆ ಹೋಗುವಾಗ ಟಪ್ ಅನ್ನುತ್ತೆ, ಹೆದರ್ಬೇಡಿ." ಟಪ್ ಎನ್ನುತ್ತದೆ. ಅಜ್ಜಿ ಹೆದರುವುದಿಲ್ಲ. "ನನ್ನ ಗಂಡ ಒಂದು ದಿನಾನೂ ನನ್ನ ಇಷ್ಟು ಜೋಪಾನವಾಗಿ ಕರ್ಕೊಂಡು ಹೋಗ್ಲಿಲ್ಲ ಕಣಪ್ಪ" ಎನ್ನುತ್ತಾಳೆ, ಆಪರೇಷನ್ ಥಿಯೇಟರಿನ ಬಾಗಿಲಲ್ಲಿ.

ದನಿಯ ಒಡೆಯನಿಗೆ ಆಸ್ಪತ್ರೆಯಲ್ಲಿ ಎಲ್ಲರೂ ಇಟ್ಟಿರುವ ಹೆಸರು ಗಾಡಿಯಣ್ಣ. ವಯಸ್ಸು ಐವತ್ತೊಂದು. ಸ್ಟ್ರೆಚರ್ ತಳ್ಳಲು ಹಿಡಿದು ಇಪ್ಪತ್ತೆರಡು ವರ್ಷ. ಒಂದು ಪಾಳಿಗೆ ಮೂವತ್ತೈದು, ನಲವತ್ತು ರೋಗಿಗಳು. ಹನ್ನೆರಡು ಕಿಲೋಮೀಟರ್ ನಡಿಗೆ. ಎರಡನೇ ನಂಬರಿನ ಗಾಡಿಯ ಒಂದು ಚಕ್ರ ಸದಾ ಬಲಕ್ಕೆ ಎಳೆಯುತ್ತದೆ, ಅದನ್ನು ಸೊಂಟದಿಂದ ಒತ್ತಿ ಹಿಡಿಯಬೇಕು. ಉಳಿದವರು ಆ ಗಾಡಿಯನ್ನು ಮುಟ್ಟುವುದಿಲ್ಲ, ಹಾಗಾಗಿ ಅದು ಇವರ ಪಾಲಿಗೆ ಗಂಟು ಬಿದ್ದಿದೆ. "ಮಲಗಿರೋರಿಗೆ ಮುಂದೇನು ಬರುತ್ತೆ ಅಂತ ಕಾಣೋದಿಲ್ಲ ಅಲ್ವಾ? ಹೇಳೋಕೇನು, ಬಾಯಿ ಸವೆಯುತ್ತಾ?" ಎನ್ನುತ್ತಾರೆ.

ನಾನು ಇವರನ್ನು ಹುಡುಕಿಕೊಂಡು ಹೋದದ್ದು ಸ್ಟ್ರೆಚರಿನ ಸಲುವಾಗಿ ಅಲ್ಲ. ಇವರ ಓಟದ ಸಂಘದವರು ಇವರ ಐವತ್ತನೇ ಮ್ಯಾರಥಾನಿಗೆ ಭಾನುವಾರ ಒಂದು ಸಣ್ಣ ಸಮಾರಂಭ ಇಟ್ಟುಕೊಂಡಿದ್ದರು. ನಲವತ್ತೆರಡು ಕಿಲೋಮೀಟರ್, ಅದೂ ಐವತ್ತು ಸಲ! ನಮ್ಮ ಪತ್ರಿಕೆಯ ವಾರಾಂತ್ಯದ ಪುಟಕ್ಕೆ ನಗುಮುಖದ ಬರಹವೊಂದು ಅನಾಯಾಸವಾಗಿ ಸಿಕ್ಕಿತು ಎಂದು ನಾನು ಒಳಗೊಳಗೇ ಹಿಗ್ಗಿದ್ದೆ.

ಶುಕ್ರವಾರ ಕ್ಯಾಂಟೀನಿನಲ್ಲಿ ಚಹಾ ಕುಡಿಯುತ್ತ ಅವರೇ ನನ್ನ ಹಿಗ್ಗನ್ನು ಇಳಿಸುತ್ತಾರೆ. "ಐವತ್ತು ನಂದಲ್ಲ. ನಲವತ್ತೊಂಬತ್ತು ಅಣ್ಣಂದು. ನಾನು ಜೊತೆಗೆ ಹೋಗಿದ್ದೆ ಅಷ್ಟೆ."

ಅಣ್ಣ ಎಂದರೆ ಇದೇ ಆಸ್ಪತ್ರೆಯ ಟೆಲಿಫೋನ್ ಆಪರೇಟರ್. ಹುಟ್ಟಿನಿಂದಲೇ ಕಣ್ಣು ಕಾಣದವರು. ಹದಿಮೂರು ವರ್ಷಗಳ ಹಿಂದೆ ಅವರಿಗೆ ಅಪೆಂಡಿಕ್ಸ್ ಆಪರೇಷನ್ ಆದಾಗ ಗಾಡಿ ತಳ್ಳಿದವರು ಇವರೇ. ವಾರ್ಡಿಗೆ ತಂದು ಮಲಗಿಸುವಷ್ಟರಲ್ಲಿ ಆಪರೇಟರ್ ಇವರ ಕೈ ಹಿಡಿದುಕೊಂಡರಂತೆ. "ದಾರೀನ ಓದಿ ಹೇಳ್ತೀಯಲ್ಲೋ ಮಾರಾಯ! ನನಗೆ ಚಿಕ್ಕಂದಿನಿಂದ ಓಡಬೇಕು ಅಂತ ಹುಚ್ಚು. ಜೊತೆಗೆ ಬರ್ತೀಯಾ?" ಆಗ ಗಾಡಿಯಣ್ಣ ಬಸ್ಸು ಹಿಡಿಯುವುದಕ್ಕೆ ಬಿಟ್ಟು ಬೇರೆ ಯಾತಕ್ಕೂ ಓಡಿದವರಲ್ಲ.

ಮೊಳದುದ್ದದ ಹಗ್ಗ, ಎರಡೂ ತುದಿಗೆ ಒಂದೊಂದು ಕುಣಿಕೆ. ಒಂದರಲ್ಲಿ ಅಣ್ಣನ ಕೈ, ಇನ್ನೊಂದರಲ್ಲಿ ಇವರದು. "ಮುಂದೆ ಉಬ್ಬಿದೆ, ಅಣ್ಣಾ. ಮೂರು ಹೆಜ್ಜೆ. ಈಗ." ಹೀಗೆ ಹದಿಮೂರು ವರ್ಷ, ನಲವತ್ತೊಂಬತ್ತು ಮ್ಯಾರಥಾನ್. ಜೊತೆಗಾರನಿಗೆ ಎದೆಯ ಮೇಲೆ ಅಂಟಿಸುವ ನಂಬರ್ ಇಲ್ಲ, ಪದಕ ಇಲ್ಲ, ಪಟ್ಟಿಯಲ್ಲಿ ಹೆಸರಿಲ್ಲ. ಫೋಟೋಗಳಲ್ಲಿ ಇವರ ಅರ್ಧ ಭುಜ ಬಂದಿದ್ದರೆ ಅದೇ ಹೆಚ್ಚು. ಇದೆಂಥ ನ್ಯಾಯ ಎಂದು ನನಗೆ ಸಿಟ್ಟು ಬರುತ್ತದೆ. ಇವರಿಗೆ ಬರುವುದಿಲ್ಲ. "ಪದಕ ಹಾಕೋವಾಗ ಅಣ್ಣನ ತಲೆ ಬಗ್ಗಿಸ್ತಿದ್ದವನು ನಾನೇ ಅಲ್ವಾ?"

ಹತ್ತು ತಿಂಗಳ ಹಿಂದೆ, ಐವತ್ತನೇ ಓಟಕ್ಕೆ ಮೂರು ವಾರ ಇರುವಾಗ, ಆಪರೇಟರ್ ಸ್ವಿಚ್‌ಬೋರ್ಡಿನ ಮುಂದೆ ಕುಳಿತಲ್ಲೇ ಕುಸಿದರು. ಹೃದಯಾಘಾತ. ಅವರನ್ನು ತುರ್ತು ಚಿಕಿತ್ಸೆಗೆ ತಳ್ಳಿಕೊಂಡು ಓಡಿದವರು ಗಾಡಿಯಣ್ಣ. ಒಂದು ಗಂಟೆಯ ನಂತರ ನೆಲಮಾಳಿಗೆಯ ಶವಾಗಾರಕ್ಕೆ ತಳ್ಳಿದವರೂ ಅವರೇ. ಬೇರೆಯವರು ತಳ್ಳುತ್ತೇವೆ ಎಂದರೂ ಬಿಡಲಿಲ್ಲವಂತೆ. ಜೊತೆಗಿದ್ದ ನರ್ಸ್ ನನಗೆ ಹೇಳುತ್ತಾರೆ: "ಮುಖ ಮುಚ್ಚಿದ್ರೂ ಹೇಳ್ತಾನೇ ಇದ್ರು ಸಾರ್. ಹೊಸ್ತಿಲು ಬಂತು ಅಣ್ಣಾ, ಇಳಿಜಾರು ಅಣ್ಣಾ, ನಿಧಾನ ಅಂತ. ನನಗೆ ತಡ್ಕೊಳಕ್ಕೆ ಆಗ್ಲಿಲ್ಲ." ಇದನ್ನು ಬರೆಯುವಾಗ ನನಗೂ ಆಗುತ್ತಿಲ್ಲ.

ಸತ್ತವರು ಹೋದರು, ಉಳಿದವರ ಎದೆಯಲ್ಲಿ ಮುಳ್ಳು ಉಳಿಯಿತು. ಕ್ಯಾಂಟೀನಿನಲ್ಲಿ ಗಾಡಿಯಣ್ಣ ಲೋಟ ಕೆಳಗಿಟ್ಟು ಹೇಳುತ್ತಾರೆ: "ಸಾಯೋಕೆ ಹತ್ತು ದಿನ ಮುಂಚೆ ಅಭ್ಯಾಸದಲ್ಲಿ ಎದೆ ಉರೀತಿದೆ ಅಂದ್ರು. ಎರಡು ಸಲ. ಡಾಕ್ಟರ್ ಹತ್ರ ಹೋಗೋಣ ಅಂದೆ. ಗ್ಯಾಸು ಕಣೋ, ಐವತ್ತು ಮುಗೀಲಿ, ಯಾರಿಗೂ ಹೇಳ್ಬೇಡ, ನಿನ್ನ ಅತ್ತಿಗೆಗಂತೂ ಹೇಳ್ಲೇಬೇಡ ಅಂತ ಮಾತು ತಗೊಂಡ್ರು. ರಸ್ತೆ ಮೇಲಿನ ಕಲ್ಲು ಕಲ್ಲನ್ನೂ ಹೇಳ್ತಿದ್ದೋನು, ಅದೊಂದನ್ನ ಮಾತ್ರ ಹೇಳ್ಲಿಲ್ಲ." ಮಾತು ಬೆಳ್ಳಿ, ಮೌನ ಬಂಗಾರ ಎನ್ನುತ್ತಾರೆ. ಆ ಬಂಗಾರವನ್ನು ಹೊಟ್ಟೆಯಲ್ಲಿಟ್ಟುಕೊಂಡು ಈ ಮನುಷ್ಯ ಹತ್ತು ತಿಂಗಳಿಂದ ಸರಿಯಾಗಿ ಉಂಡಿಲ್ಲ. ಭಾನುವಾರ ಅತ್ತಿಗೆಯೂ ಬರುತ್ತಾರೆ, ಅಲ್ಲೇ ಹೇಳಿಬಿಡಬೇಕು ಎಂದುಕೊಂಡಿದ್ದಾರೆ. "ಆಮೇಲೆ ಅವರು ನನ್ನ ಮುಖ ನೋಡ್ತಾರೋ ಇಲ್ವೋ."

ಐವತ್ತನೇ ಓಟವನ್ನು ಹೋದ ತಿಂಗಳು ಅವರು ಒಬ್ಬರೇ ಓಡಿದ್ದಾರೆ. ಸಂಘದವರೇ ಹಟ ಹಿಡಿದು ಅವರ ಹೆಸರಿನಲ್ಲಿ ನಂಬರ್ ಮಾಡಿಸಿದ್ದರು. ಕೈಯಲ್ಲಿ ಹಗ್ಗ, ಇನ್ನೊಂದು ಕುಣಿಕೆ ಖಾಲಿ. ಬಾಯಿ ಸುಮ್ಮನಿರಬೇಕಲ್ಲ? ಉಬ್ಬು, ಗುಂಡಿ, ತಿರುವು ಎಂದು ದಾರಿಯುದ್ದಕ್ಕೂ ಹೇಳುತ್ತಲೇ ಓಡಿದರಂತೆ. ಪಕ್ಕದ ಓಟಗಾರನೊಬ್ಬ, "ಫೋನಲ್ಲಿ ಮಾತಾಡ್ತಾ ಮ್ಯಾರಥಾನ್ ಓಡ್ತೀರಲ್ಲ ಸಾರ್, ನಿಮ್ಮದು ಎಂಥ ಉಸಿರು!" ಎಂದು ಬೆರಗಾದನಂತೆ.

ಭಾನುವಾರ. ಸೈಕಲ್ ಅಂಗಡಿಯ ಮೇಲಿನ ಕೋಣೆ. ಹಸಿರು ಗೋಡೆ, ಮಡಿಸುವ ಕುರ್ಚಿಗಳು, ಬಾಗಿಲ ಹೊರಗೆ ಬೂಟುಗಳ ರಾಶಿ. ಸಂಘದ ಮೂವತ್ತೊಂದು ಜನರಲ್ಲಿ ಇಪ್ಪತ್ತೆಂಟು ಜನ ಬಂದಿದ್ದಾರೆ. ಕಾರ್ಯದರ್ಶಿಯಾದ ದರ್ಜಿ ತಾನೇ ಹೊಲಿದ ಬಟ್ಟೆಯ ಮೇಲೆ ದೊಡ್ಡದಾಗಿ ಐವತ್ತು ಎಂದು ಕತ್ತರಿಸಿ ಅಂಟಿಸಿದ್ದಾರೆ. ಕೇಕು ಇದೆ, ಚಪ್ಪಾಳೆ ಇದೆ. ಮುಂದಿನ ಸಾಲಿನಲ್ಲಿ ಆಪರೇಟರ್ ಅವರ ಹೆಂಡತಿ ಕೈಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಾರೆ.

ಮಾತನಾಡಿ ಎಂದಾಗ ಗಾಡಿಯಣ್ಣ ಎದ್ದು ನಿಲ್ಲುತ್ತಾರೆ. "ಕೇಕು ಆಮೇಲೆ ಕತ್ತರಿಸಿ" ಎಂದು, ನನಗೆ ಹೇಳಿದ್ದನ್ನೆಲ್ಲ ಹೇಳುತ್ತಾರೆ, ಒಂದಕ್ಷರ ಬಿಡದೆ. "ಇಪ್ಪತ್ತೆರಡು ವರ್ಷ ಆಸ್ಪತ್ರೇಲಿ ದುಡಿದೋನು ನಾನು. ನನಗೆ ಗೊತ್ತಾಗ್ಬೇಕಿತ್ತು. ತಪ್ಪಾಯ್ತು ಅತ್ತಿಗೆ."

ಆಕೆ ಕೈಚೀಲವನ್ನು ಪಕ್ಕದ ಕುರ್ಚಿಯ ಮೇಲಿಟ್ಟು ಎದ್ದು ನಿಲ್ಲುತ್ತಾರೆ.

"ನಿನಗೊಬ್ಬನಿಗೇ ಹೇಳಿದ್ರು ಅಂದ್ಕೊಂಡ್ಯೇನೋ?" ಎನ್ನುತ್ತಾರೆ. "ನನಗೂ ಹೇಳಿದ್ರು. ಅವನಿಗೆ ಮಾತ್ರ ಹೇಳ್ಬೇಡ, ಹೇಳಿದ್ರೆ ನನ್ನ ಓಡೋಕೆ ಬಿಡಲ್ಲ ಅಂತ ನನ್ನಿಂದಾನೂ ಮಾತು ತಗೊಂಡ್ರು. ಹತ್ತು ತಿಂಗಳಿಂದ ನಿನ್ನ ಎದುರಿಗೆ ಬರೋಕೆ ನಾನೇ ಹೆದರ್ಕೊಂಡು ಕೂತಿದ್ದೆ ಕಣಪ್ಪ."

ಇಬ್ಬರೂ ಅಳುತ್ತಾರೆ. ದರ್ಜಿ ಕಣ್ಣೊರೆಸಿಕೊಳ್ಳುತ್ತಾ ಕಿಟಕಿಯ ಕಡೆ ತಿರುಗುತ್ತಾರೆ. ಇಬ್ಬರಲ್ಲಿ ಒಬ್ಬರು ಬಾಯಿ ಬಿಟ್ಟಿದ್ದರೂ ಸಾಕಿತ್ತೇನೋ ಎಂದು ಯಾರೂ ಅನ್ನುವುದಿಲ್ಲ, ಆದರೆ ಎಲ್ಲರಿಗೂ ಅದೇ ಹೊಳೆದಿದೆ. ಆ ಇಬ್ಬರಿಗೂ ಹೊಳೆದಿದೆ. ಕೇಕನ್ನು ಕೊನೆಗೆ ಆಕೆಯೇ ಕತ್ತರಿಸುತ್ತಾರೆ, ಮೊದಲ ತುಂಡನ್ನು ಗಾಡಿಯಣ್ಣನಿಗೆ ಕೊಟ್ಟು, ತಿನ್ನುವವರೆಗೂ ಎದುರಿಗೇ ನಿಲ್ಲುತ್ತಾರೆ.

ಹೊರಡುವಾಗ ದರ್ಜಿ ಮೆಲ್ಲಗೆ ವಿಷಯ ತೆಗೆಯುತ್ತಾರೆ. ಕಣ್ಣು ಕಾಣದ ಬ್ಯಾಂಕ್ ಗುಮಾಸ್ತೆಯೊಬ್ಬರು ಸಂಘಕ್ಕೆ ಸೇರಬೇಕೆಂದು ಕೇಳಿದ್ದಾರೆ, ಜೊತೆಗೆ ಓಡುವವರಿಲ್ಲ. ಗಾಡಿಯಣ್ಣ ಬೂಟಿನ ಲೇಸು ಕಟ್ಟಿ ಮುಗಿಸುತ್ತಾರೆ.

"ಬರ್ಲಿ" ಎನ್ನುತ್ತಾರೆ ಆಮೇಲೆ. "ಮೊದಲು ಇಸಿಜಿ ತೆಗೆಸ್ಕೊಂಡು ಬರ್ಲಿ. ಇನ್ನೊಂದು ಮಾತು ಈಗ್ಲೇ ಹೇಳ್ಬಿಡಿ ಅವರಿಗೆ. ಎದೆ ಉರಿ ಅಂದ್ರೆ ನಾನು ಊರಿಗೆಲ್ಲ ಕೇಳೋ ಹಾಗೆ ಕೂಗ್ತೀನಿ. ಒಪ್ಪಿಗೆ ಇದ್ರೆ ಮಾತ್ರ ಬರ್ಲಿ."